ನಾಲ್ಕು ಕಾರಣ, ಒಂದು ಜಮಖಾನ

1917, ಅಕ್ಟೋಬರ್ 8

ಮತ್ತೆ ಅದೇ ಪಾಠ. ಆರನೇ ಕ್ಲಾಸು, ಊಟದ ನಂತರದ ಪೀರಿಯಡ್ಡು, ಅರ್ಧ ಮಕ್ಕಳಿಗೆ ತೂಕಡಿಕೆ. ಇಂಗ್ಲಿಷರು ಬರ್ಮಾಕ್ಕೆ ಬರಲು ಕಾರಣಗಳೇನು? ಪುಸ್ತಕದಲ್ಲಿ ನಾಲ್ಕಿವೆ. ಅರಸನ ದುರಾಡಳಿತ ಕೊನೆಗಾಣಿಸಲು. ವ್ಯಾಪಾರ ಬೆಳೆಸಲು. ಗಡಿ ಕಾಯಲು. ನಾಗರಿಕತೆ ಹರಡಲು. ಮಕ್ಕಳು ರಾಗ ಎಳೆದು ಹೇಳುತ್ತವೆ. ನಾನೂ ಹೀಗೇ ರಾಗ ಎಳೆದು ಟ್ರೈನಿಂಗ್ ಸರ್ಟಿಫಿಕೇಟು ತಂದವಳು. ಈ ಊರಿನಲ್ಲಿ ಅದನ್ನು ತಂದ ಮೊದಲ ಹೆಣ್ಣು ಅಂತ ಅಮ್ಮ ಈಗಲೂ ಚುಟ್ಟದ ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಹೇಳುತ್ತಾಳೆ. ಅವರು ಕೇಳದಿದ್ದರೂ ಹೇಳುತ್ತಾಳೆ.

ಹೆಡ್‌ಮಾಸ್ಟರು ಊ ಶ್ವೆ ಜಾನ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಹೋದರು. ಬರುವ ಮೊದಲೇ ಬೂಟಿನ ಕಿರಕಿರ ಬರುತ್ತದೆ. ನಮ್ಮವರಲ್ಲಿ ಬೂಟು ಹಾಕುವವರು ಊರಿಗೆ ಇಬ್ಬರೇ, ಕೋರ್ಟಿನ ಗುಮಾಸ್ತ ಮತ್ತು ಇವರು. ಕಂಬದ ಮೇಲೆ ನಿಂತ ಯಾರ ಮನೆಗೆ ಹೋದರೂ ಮೆಟ್ಟಿಲ ಕೆಳಗೇ ನಿಂತು ಮಾತು ಮುಗಿಸುತ್ತಾರೆ. ಮೇಲೆ ಹತ್ತಬೇಕೆಂದರೆ ಲೇಸು ಬಿಚ್ಚಬೇಕಲ್ಲ.

ಹೊಸ ಡೆಪ್ಯುಟಿ ಕಮಿಷನರ್ ತಿಂಗಳ ಕೊನೆಗೆ ಸ್ಕೂಲು ನೋಡಲು ಬರುತ್ತಾರಂತೆ. ನಾಲ್ಕೂ ಕಾರಣ ಬಾಯಿಪಾಠ ಆಗಿರಬೇಕು ಅಂದರು.

ಅವರು ಹೋದ ಮೇಲೆ ಮಿ ನ್ಯುನ್ ಎದ್ದು ನಿಂತಳು. ಹನ್ನೆರಡು ವರ್ಷದವಳು, ನಾಲಗೆಗೆ ಮಾತ್ರ ನಲವತ್ತು. ಟೀಚರಿಗೆ ಸಯಾಮ ಅನ್ನುವ ದನಿಯಲ್ಲೂ ಅದು ಗೊತ್ತಾಗುತ್ತದೆ.

"ಸಯಾಮ, ಈ ಪುಸ್ತಕ ಯಾರು ಬರೆದದ್ದು?"

ಅವರೇ ಅಂದೆ.

"ಅವರು ಬಂದಿದ್ದನ್ನ ಬೇರೆ ಯಾರೂ ನೋಡಿಲ್ವಾ?"

ನೋಡದೆ ಏನು. ಮೂವತ್ತೆರಡು ವರ್ಷದ ಹಿಂದಿನ ಮಾತು, ಅರ್ಧ ಊರು ನದಿ ದಂಡೆಯ ಮೇಲೆ ನಿಂತು ನೋಡಿದೆ. ಹೋಗಿ ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದುಬಿಟ್ಟೆ. ಬಾಯಿಂದ ಬಂದುಬಿಟ್ಟಿತು. ವಾಪಸ್ ತೆಗೆದುಕೊಳ್ಳುವುದಿಲ್ಲ.

ಅಕ್ಟೋಬರ್ 10

ಉತ್ತರಗಳು ಬಂದವು. ಯಾರೂ ತೂಕಡಿಸಲಿಲ್ಲ.

ನದಿಯಲ್ಲಿ ಮರದ ತೆಪ್ಪ ಇಳಿಸುತ್ತಿದ್ದ ಒಬ್ಬ ಅಜ್ಜ — ತೇಗ. ಮರದ ಕಂಪನಿಗೆ ಅರಸ ದಂಡ ಹಾಕಿದ, ಅವರಿಗೆ ಅಷ್ಟು ನೆಪ ಸಾಕಾಯಿತು. ಇನ್ನೊಬ್ಬರ ಮನೆಯಲ್ಲಿ — ಮೊಗೋಕಿನ ಕೆಂಪು ಹರಳು. ಇನ್ನೊಂದು ಮನೆಯಲ್ಲಿ ಚೀನಾಕ್ಕೆ ದಾರಿ. ಪೋಸ್ಟ್‌ಮನ್ ಮಗನ ತಾತ ಹೇಳಿದ್ದು — ಫ್ರೆಂಚರು ಬಂದುಬಿಡುತ್ತಾರೆಂಬ ಹೆದರಿಕೆ. ಪಕ್ಕದ ಮನೆಯವನು ಕದಿಯಬಹುದು ಅಂತ ನಾನೇ ಮೊದಲು ಕದ್ದೆ, ಅನ್ನುವ ಹಾಗೆ. ಒಂದು ಹುಡುಗಿಯ ಅಜ್ಜಿ ಅರಮನೆಯಲ್ಲಿ ಕೆಲಸಕ್ಕಿದ್ದವಳು. ಅವಳು ಹೇಳಿದ್ದು, ಅರಸನ ಮುಂದೆ ಬೂಟು ಬಿಚ್ಚಿ ನೆಲದ ಮೇಲೆ ಕೂರಬೇಕಾಗಿತ್ತಲ್ಲ, ಆ ಉರಿ ಅವರಿಗೆ ಹೋಗಲೇ ಇಲ್ಲ, ಅಂತ.

ಬೋರ್ಡಿನ ಮೇಲೆ ಎಲ್ಲ ಬರೆದೆ. ಜಾಗ ಸಾಲಲಿಲ್ಲ. ಗಂಟೆ ಹೊಡೆಯುವ ಮೊದಲು ನಾನೇ ಒರೆಸಿದೆ — ಹೆದರಿ ಅಲ್ಲ, ಮುಂದೆ ಗಣಿತದ ಪೀರಿಯಡ್ಡಿತ್ತು. ಸ್ವಲ್ಪ ಹೆದರಿಯೂ ಹೌದು.

ಅಕ್ಟೋಬರ್ 11

ಅಮ್ಮನನ್ನೂ ಕೇಳಿದೆ. ಚುಟ್ಟಕ್ಕೆ ಎಲೆ ಸುತ್ತುತ್ತಿದ್ದವಳು ತಲೆ ಎತ್ತಲಿಲ್ಲ.

"ಅವರ ದೇಶದಲ್ಲಿ ಗಂಡುಮಕ್ಕಳು ಜಾಸ್ತಿ, ಕುರ್ಚಿ ಕಮ್ಮಿ. ಅಷ್ಟೇ. ಇಲ್ಲಿ ಬಂದ ಪ್ರತಿಯೊಬ್ಬನೂ ಮೊದಲು ಕೇಳೋದೇ ಕುರ್ಚಿ. ನೀನೇ ನೋಡು."

ಬೆಳಿಗ್ಗೆ ಭಿಕ್ಷೆಗೆ ಬಂದಿದ್ದ ಹಿರಿಯ ಭಂತೆಯವರನ್ನು ಕೇಳಿದಾಗ ಅವರು, ಬೇಕು ಅನ್ನುವುದು ಮೊದಲು ಹುಟ್ಟುತ್ತದೆ, ಕಾರಣ ಆಮೇಲೆ ಹುಡುಕುತ್ತಾರೆ, ನಾಲ್ಕು ಸಿಕ್ಕರೆ ನಾಲ್ಕು ಅಂದು ಮುಂದಿನ ಮನೆಗೆ ನಡೆದರು. ಅದನ್ನು ಮಕ್ಕಳಿಗೆ ಹೇಳಿಲ್ಲ. ಅಮ್ಮನದ್ದು ಮಾತ್ರ ಹೇಳಿದೆ. ಬಿದ್ದು ಬಿದ್ದು ನಕ್ಕವು.

ಅಕ್ಟೋಬರ್ 15

ಸಂಜೆ ಮಾವ ಬಂದಿದ್ದ. ಅಮ್ಮನ ಅಣ್ಣ ಊ ಫೋ ಥೀನ್, ಅಕ್ಕಿ ಮಿಲ್ಲಿನ ಯಜಮಾನ, ಗುಡ್ಡದ ಮೇಲಿನ ನಮ್ಮ ಪಗೋಡದ ಧರ್ಮದರ್ಶಿಗಳಿಗೆ ಅಧ್ಯಕ್ಷ. ಒಳ್ಳೆಯವನು. ಯಾರಿಗೂ ಇಲ್ಲ ಅನ್ನಲಾರ. ಅದೇ ಅವನ ರೋಗ.

ಹುಣ್ಣಿಮೆಯ ಸಂಜೆ ದೀಪದ ಹಬ್ಬ ನೋಡಲು ಡೆಪ್ಯುಟಿ ಸಾಹೇಬ ಪೆನ್‌ಫೋಲ್ಡ್ ಹೆಂಡತಿಯ ಜೊತೆ ಪಗೋಡ ಹತ್ತುತ್ತಾರಂತೆ. ಹಾಗಾಗಿ ಜಮಖಾನ ಹೊರಗೆ ತೆಗೆದು ಬಿಸಿಲಿಗೆ ಹಾಕಿಸಿದ್ದೇನೆ ಅಂದ.

ಜಮಖಾನ. ಹೋದ ವರ್ಷ ಹಿಂದಿನ ಸಾಹೇಬ ಬಂದಾಗಿನ ಉಪಾಯ ಅದು. ಬೂಟು ಬಿಚ್ಚಿ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಬಿಚ್ಚದೆ ಹತ್ತಲಿ ಅನ್ನಲು ಮನಸ್ಸು ಬರಲಿಲ್ಲ. ಮಾವ ಕೆಳಗಿನ ಎರಡು ಸಿಂಹದ ಮೂರ್ತಿಗಳ ಬಾಗಿಲಿನಿಂದ ಮೇಲಿನ ಕಟ್ಟೆಯವರೆಗೂ ಕೆಂಪು ಜಮಖಾನ ಹಾಸಿಸಿದ. ಬೂಟು ಜಮಖಾನವನ್ನು ಮುಟ್ಟಿತು, ಜಮಖಾನ ಕಲ್ಲನ್ನು ಮುಟ್ಟಿತು. ಯಾರ ಮುಖವೂ ಕೆಡಲಿಲ್ಲ. ಎಲ್ಲರೂ ಮಾವನ ತಲೆಯನ್ನು ಹೊಗಳಿದರು. ನಾನೂ ಅಲ್ಲೇ ಇದ್ದೆ, ಬಾಯಿ ಮುಚ್ಚಿಕೊಂಡು. ಆ ವಾರವಿಡೀ ಅನ್ನ ರುಚಿಸಲಿಲ್ಲ.

ಈ ಸಲ ಬೇಡ ಅಂದೆ. ನಮ್ಮ ದೊಡ್ಡ ಭಂತೆ, ತೊಂಬತ್ತರ ಮುದುಕ, ಬರಿಗಾಲಲ್ಲಿ ಹತ್ತುತ್ತಾರೆ. ಮೂವತ್ತು ದಾಟದ ಸಾಹೇಬನ ಕಾಲಿಗೆ ಏನಾಗಿದೆ?

"ಥೆಟ್, ಮುಜುಗರ ಆಗುತ್ತಲ್ಲಮ್ಮ ಅವರಿಗೆ."

"ನಮಗೆ ಆಗಿದ್ದು?"

"ನಮಗೆ ಅಭ್ಯಾಸ ಇದೆ."

ಹೇಳಿ ಅವನೇ ತಲೆ ತಗ್ಗಿಸಿದ. ಉಪ್ಪಿನಲ್ಲಿ ಹುದುಗಿಸಿದ ಟೀ ಸೊಪ್ಪು ತಟ್ಟೆಯಲ್ಲಿ ಹಾಗೇ ಉಳಿಯಿತು. ಮಾವ ಅದನ್ನು ಬಿಟ್ಟು ಎದ್ದದ್ದು ಇದೇ ಮೊದಲು.

ಅಕ್ಟೋಬರ್ 19

ಪಗೋಡದ ಕೆಳಗಿನ ತಂಗುಮನೆಯಲ್ಲಿ ಮೀಟಿಂಗು. ನಾನು ಮಾತಾಡಿದೆ. ಹೆಣ್ಣಿನ ಮಾತು ಅಂತ ಯಾರೂ ತಡೆಯಲಿಲ್ಲ. ಇಂಗ್ಲಿಷ್ ಕಲಿತವಳು ಅನ್ನುವುದು ಒಳ್ಳೆಯ ಕೊಡೆ.

ಎಲ್ಲರೂ ಒಪ್ಪಿದರು. ಜಮಖಾನ ಬೇಡ. ಬೂಟು ಬಿಚ್ಚಿಯೇ ಹತ್ತಬೇಕು, ರಂಗೂನಿನಲ್ಲೂ ಜನ ಈಗ ಹೀಗೇ ಕೇಳುತ್ತಿದ್ದಾರೆ. ಸರಿ, ಸಾಹೇಬರಿಗೆ ಯಾರು ಹೇಳುವುದು? ಅಷ್ಟು ಹೊತ್ತು ಮಾತಾಡಿದವರೆಲ್ಲ ಚಾಪೆಯ ಅಂಚು ಕೀಳಲು ಶುರು ಮಾಡಿದರು. ಮಾವ ಹೆಡ್‌ಮಾಸ್ಟರ ಮುಖ ನೋಡಿದ. ಹೆಡ್‌ಮಾಸ್ಟರು ಮಾವನ ಮುಖ ನೋಡಿದರು. ಕೊನೆಗೆ ಸಿಂಹಗಳ ಬಾಗಿಲ ಗೋಡೆಗೆ ಒಂದು ಬೋರ್ಡು ಹೊಡೆಯೋಣ, ಅದೇ ಹೇಳಲಿ ಅಂತಾಯಿತು. ಬೋರ್ಡಿಗೆ ಸಂಕೋಚ ಇಲ್ಲವಲ್ಲ.

ಎರಡೂ ಭಾಷೆಯಲ್ಲಿ ನಾನೇ ಬರೆದೆ. ದೊಡ್ಡ ಅಕ್ಷರ, ಕಪ್ಪು ಬಣ್ಣ. "ಪಾದರಕ್ಷೆ ಬಿಚ್ಚಿ ಬನ್ನಿ." ದಯವಿಟ್ಟು ಅಂತ ಸೇರಿಸಿ ಎಂದರು ಹೆಡ್‌ಮಾಸ್ಟರು. ಸೇರಿಸಲಿಲ್ಲ. ನಮ್ಮವರಿಗೆ ಯಾರೂ ದಯವಿಟ್ಟು ಅನ್ನುವುದಿಲ್ಲ.

ಅಕ್ಟೋಬರ್ 23

ಬೋರ್ಡು ಗೋಡೆಯ ಕಡೆ ಮುಖ ಮಾಡಿ ನಿಂತಿದೆ. ಮೊಳೆ ಕಿತ್ತು, ತಿರುಗಿಸಿ, ಮತ್ತೆ ಮೊಳೆ ಹೊಡೆದಿದ್ದಾರೆ. ಕೇಳಿದರೆ ಮಾವ ಗಾಳಿ ಅಂದ. ಸುತ್ತಿಗೆ ಹಿಡಿಯುವ ಗಾಳಿ. ಇಷ್ಟು ಕೋಪ ಸಾಹೇಬರ ಮೇಲೂ ಬಂದಿರಲಿಲ್ಲ ನನಗೆ.

ಅಕ್ಟೋಬರ್ 27, ಸಂಜೆ

ಸಾಹೇಬ ಸ್ಕೂಲಿಗೆ ಬಂದಿದ್ದ. ಕೆಟ್ಟವನಲ್ಲ. ಮುಖ ಕೆಂಪಗೆ, ನಗು ಬೇಗ ಬರುತ್ತದೆ, ಬರ್ಮೀಸ್ ಎರಡು ಮಾತು ಕಲಿತಿದ್ದಾನೆ. ಬಂದವನೇ ಕುರ್ಚಿ ಕೇಳಿದ. ಮಿ ನ್ಯುನ್ ನನ್ನನ್ನು ನೋಡಿದಳು. ನಾನು ಕಿಟಕಿ ನೋಡಿದೆ.

ನಾವು ಇಲ್ಲಿಗೆ ಯಾಕೆ ಬಂದೆವು, ಯಾರು ಹೇಳುತ್ತೀರಿ ಅಂತ ಸಾಹೇಬನೇ ಕೇಳಿದ. ಬೇರೆ ಯಾರಾದರೂ ಕೈ ಎತ್ತಬಾರದಿತ್ತೆ. ಮಿ ನ್ಯುನ್ ಎದ್ದು, ಕೈ ಕಟ್ಟಿ, ನಾಲ್ಕೂ ಕಾರಣ ಒಂದೂ ತಪ್ಪಿಲ್ಲದೆ ಹೇಳಿದಳು. ಸಾಹೇಬ ಶಹಬಾಸ್ ಅಂದ. ಹೆಡ್‌ಮಾಸ್ಟರ ಭುಜ ಕೆಳಗಿಳಿಯಿತು. ಆಗ ಅವಳು ಮುಂದುವರಿಸಿದಳು.

"ಐದನೇದು, ನಿಮ್ಮ ದೇಶದಲ್ಲಿ ಗಂಡುಮಕ್ಕಳು ಜಾಸ್ತಿ, ಕುರ್ಚಿ ಕಮ್ಮಿ."

ಇಂಗ್ಲಿಷಿನಲ್ಲಿ. ವ್ಯಾಕರಣ ತಪ್ಪಿಲ್ಲದೆ. ನಾನೇ ಕಲಿಸಿದ ಇಂಗ್ಲಿಷು.

ಸಾಹೇಬ ನಕ್ಕ. ನಿಜವಾಗಿಯೂ ನಕ್ಕ. ನಾನು ಮನೆಯಲ್ಲಿ ನಾಲ್ಕನೆಯವನು, ಅಂದ. ಆಮೇಲೆ ನಗು ನಿಂತಿತು, ನನ್ನ ಹೆಸರು ಕೇಳಿ ಬರೆದುಕೊಂಡ. ಅವನು ಹೋದ ಮೇಲೆ ಹೆಡ್‌ಮಾಸ್ಟರು ನನಗೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೊಂದು ತಪ್ಪಾದರೆ ಕೆಲಸ ಹೋಗುತ್ತದೆ, ಸರ್ಟಿಫಿಕೇಟೂ ಹೋಗುತ್ತದೆ, ಸರ್ಕಾರದ ಕಾಸು ಮುಟ್ಟಿದ ಯಾವ ಸ್ಕೂಲಿನಲ್ಲೂ ಮತ್ತೆ ಸೀಮೆಸುಣ್ಣ ಹಿಡಿಯಲಾರೆ ಅಂದದ್ದು ಮಾತ್ರ ಬರೆದಿಡುತ್ತೇನೆ. ಆ ಮಾತು ಸುಳ್ಳಲ್ಲ.

ಅಕ್ಟೋಬರ್ 31, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ.  ಈಗ ಕೂತಿದ್ದೇನೆ.

ಹುಣ್ಣಿಮೆಯ ಬೆಳಿಗ್ಗೆ ಪದ್ಧತಿಯಂತೆ ಹೆಂಗಸರೆಲ್ಲ ಕೊಡ ಹೊತ್ತು ಹೋಗಿ ಪಗೋಡ ತೊಳೆದೆವು. ಮೇಲಿನ ಕಟ್ಟೆಯಿಂದ ಶುರು, ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕೆ. ನದಿಯಿಂದ ನೀರು ಹೊತ್ತು ಹೊತ್ತು ಹೆಗಲು ಇಳಿದುಹೋಗಿದ್ದವು. ಕಲ್ಲು ಎಷ್ಟು ಹೊಳೆಯುತ್ತಿತ್ತೆಂದರೆ ಮಿ ನ್ಯುನ್ ಬಗ್ಗಿ ಕೆನ್ನೆಗೆ ಹಚ್ಚಿದ್ದ ತನಕಾ ಗಂಧ ಸರಿಮಾಡಿಕೊಂಡಳು. ಮಧ್ಯಾಹ್ನ ಮಿಲ್ಲಿನ ಆಳುಗಳು ಜಮಖಾನ ತಂದು ಹಾಸಿ ಹೋದರು. ಮಾವ ಕಣ್ಣಿಗೆ ಬೀಳಲಿಲ್ಲ.

ಸಂಜೆ ಎಲ್ಲರೂ ಸೇರಿದ್ದರು. ದೀಪ ಹಚ್ಚಿರಲಿಲ್ಲ. ಸಾಹೇಬ, ಹೆಂಡತಿ, ಇಬ್ಬರು ಪೊಲೀಸರು ಸಿಂಹಗಳ ಬಳಿ ಬಂದು ನಿಂತರು. ಆಗ ನೋಡುತ್ತೇನೆ, ಮೆಟ್ಟಿಲ ಮೇಲೆ ಕೆಂಪು ಕಾಣುತ್ತಿಲ್ಲ. ಜಮಖಾನ ಸುರುಳಿಯಾಗಿ ಬದಿಗೆ ಬಿದ್ದಿದೆ. ಅದರ ಮೇಲೆ ಅಮ್ಮ, ಚುಟ್ಟ ಸೇದುತ್ತ ಆರಾಮಾಗಿ ಕೂತಿದ್ದಾಳೆ.

ಊರಿಗೆ ಊರೇ ನಿಂತಿದೆ. ಮಾವ ಹೇಳುತ್ತಾನೆ ಅಂತ ಹೆಡ್‌ಮಾಸ್ಟರು. ಹೆಡ್‌ಮಾಸ್ಟರು ಹೇಳುತ್ತಾರೆ ಅಂತ ಮಾವ. ಧರ್ಮದರ್ಶಿಗಳೆಲ್ಲ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದವರು ಮತ್ತೆ ನೆಟ್ಟಗಾಗಲೇ ಇಲ್ಲ — ಬಗ್ಗಿದ್ದರೆ ಮುಖ ನೋಡದಿರುವುದಕ್ಕೆ ಒಂದು ನೆಪ, ಮಾತಾಡದಿರುವುದಕ್ಕೆ ಒಂದು ನೆಪ. ಸಾಹೇಬ ಒಂದು ಕಾಲೆತ್ತಿದ. ಬೂಟಿಗೆ ಕೆಮ್ಮಣ್ಣು ಮೆತ್ತಿತ್ತು.

"ಸರ್, ಬೂಟು ಬಿಚ್ಚಿ ಬನ್ನಿ."

ಅಂದದ್ದು ನಾನೇ. ದನಿ ನನ್ನದೇ ಅಂತ ಗೊತ್ತಾಗಲು ಒಂದು ಕ್ಷಣ ಬೇಕಾಯಿತು.

ಸ್ವಾಗತದ ಮಾತು ಅಂದುಕೊಂಡು ಸಾಹೇಬ ಮೊದಲು ನಕ್ಕ. ಆಮೇಲೆ ಅರ್ಥವಾಯಿತು. ಎತ್ತಿದ ಕಾಲು ಕೆಳಗಿಟ್ಟು, ಬಹಳ ಮರ್ಯಾದೆಯಿಂದಲೇ ಟೋಪಿ ತೆಗೆದ. ತಮ್ಮ ಕಡೆ ಗೌರವ ತೋರಿಸುವುದು ಹೀಗೆ ಅಂದ.

"ಟೋಪಿ ಇರಲಿ ಸರ್, ಅದು ನಮಗೇನೂ ಮಾಡಿಲ್ಲ. ಬೂಟು ಬಿಚ್ಚಿ."

ಹೋದ ವರ್ಷದ ಅಧಿಕಾರಿ ಹತ್ತಿದ್ದರಲ್ಲ ಅಂತ ಕೇಳಿದ.

"ಅವರು ಜಮಖಾನದ ಮೇಲೆ ಹತ್ತಿದ್ರು. ಈ ಸಲ ಅದರ ಮೇಲೆ ನಮ್ಮಮ್ಮ ಕೂತಿದ್ದಾರೆ."

ಸಾಹೇಬ ಅಮ್ಮನನ್ನು ನೋಡಿದ. ಅಮ್ಮ ಹೊಗೆ ಬಿಟ್ಟಳು. ಸಾಹೇಬ ಮಾವನನ್ನು ನೋಡಿದ. ಮಾವ ತನ್ನ ಕಾಲ್ಬೆರಳು ನೋಡಿಕೊಂಡ. ಹೆಂಡತಿ ಮಾತ್ರ ಆಗಲೇ ಬಗ್ಗಿ ತನ್ನ ಬೂಟಿನ ಗುಂಡಿಗೆ ಕೈ ಹಾಕಿದ್ದಳು. ಗಂಡ ತೋಳು ಹಿಡಿದು ಎಬ್ಬಿಸಿದ. ಟೋಪಿ ಹಾಕಿಕೊಂಡ. ಇಬ್ಬರೂ ಹೊರಟರು. ತಿರುವಿನಲ್ಲಿ ಅವಳು ಒಮ್ಮೆ ಹಿಂತಿರುಗಿ ಮೇಲೆ ನೋಡಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ನಿಂತರು. ಆಮೇಲೆ ಯಾರೋ ದೀಪ ಹಚ್ಚಲು ಶುರು ಮಾಡಿದರು. ಒಂದು ಬೂಟಿನ ಗುರುತಿಲ್ಲದ ಕಲ್ಲಿನ ಮೇಲೆ ಅಷ್ಟೊಂದು ದೀಪ. ನನಗೆ ಅಳು ಬಂತು, ಅತ್ತುಬಿಟ್ಟೆ.

ನವೆಂಬರ್ 6

ಸಸ್ಪೆಂಡ್. ಇವತ್ತು ಹೆಡ್‌ಮಾಸ್ಟರ ರೂಮಿನಲ್ಲೇ ವಿಚಾರಣೆ. ಸಾಹೇಬ, ಒಬ್ಬ ಪೊಲೀಸ್ ಅಧಿಕಾರಿ. ನನಗೆ ಕುರ್ಚಿ ಕೊಡಲಿಲ್ಲ.

ಯಾರು ಹೇಳಿಕೊಟ್ಟರು? ರಂಗೂನಿನಲ್ಲಿ ಬೂಟಿನ ಮಾತೆತ್ತಿದ ಸಂಘದವರೇ? ಕಲ್ಕತ್ತಾದಿಂದ ಯಾರಾದರೂ ಬಂದಿದ್ದರೇ? ಜರ್ಮನ್ ದುಡ್ಡೇ? ಯುದ್ಧದ ಹೊತ್ತಿನಲ್ಲಿ ಇದನ್ನು ಮಾಡಿಸಿದ್ದರ ಹಿಂದಿನ ಉದ್ದೇಶವೇನು? ಜರ್ಮನ್ ಅಂದಾಗ ನಗು ತಡೆಯಲಾಗಲಿಲ್ಲ. ಜರ್ಮನಿ ಯಾವ ದಿಕ್ಕಿಗಿದೆ ಅಂತ ಅಮ್ಮನನ್ನು ಕೇಳಿದರೆ ಮೀನು ಮಾರುಕಟ್ಟೆಯ ಕಡೆ ಕೈ ತೋರಿಸುತ್ತಾಳೆ.

ಬೆಳಿಗ್ಗೆ ಕಲ್ಲು ತೊಳೆದಿದ್ದೆವು ಅಂದೆ. ಅದು ಕಾರಣ ಅಲ್ಲ, ನಿಜವಾದ ಕಾರಣ ಹೇಳು ಅಂದರು. ಕಲ್ಲು ತೊಳೆದಿದ್ದೆವು, ನಿಮ್ಮ ಬೂಟು ಕೊಳೆಯಾಗಿತ್ತು. ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದೆ. ಪಾಪ, ನಂಬಲು ನಿಜವಾಗಿಯೂ ಆಗುತ್ತಿಲ್ಲ ಅವರಿಗೆ. ಇಡೀ ದೇಶಕ್ಕೆ ನುಗ್ಗಿದ್ದಕ್ಕೆ ಇವರಿಗೆ ನಾಲ್ಕು ಕಾರಣ ಸಾಕು. ನಾನು ಒಂದು ಮಾತು ಆಡಿದ್ದಕ್ಕೆ ಅರ್ಧ ದಿನದ ಪ್ರಶ್ನೆ.

ಕೊನೆಗೆ ತೀರ್ಮಾನ. ಹದಿನೈದನೇ ತಾರೀಖಿನೊಳಗೆ ಬರೆದುಕೊಡಬೇಕು — ಯಾರ ಒಪ್ಪಿಗೆಯೂ ಇಲ್ಲದೆ ನಾನೊಬ್ಬಳೇ, ಬುದ್ಧಿಯಿಲ್ಲದೆ ಮಾಡಿದೆ, ಕ್ಷಮಿಸಿ, ಅಂತ. ಅದು ನಿಜವೆಂದು ಹೆಡ್‌ಮಾಸ್ಟರೂ ಸಹಿ ಹಾಕಬೇಕು. ಹಾಗೆ ಕೊಟ್ಟರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಸರ್ಟಿಫಿಕೇಟು ರದ್ದು.

ಹೆಡ್‌ಮಾಸ್ಟರು ಮೂಲೆಯಲ್ಲಿ ನಿಂತಿದ್ದರು. ತಮ್ಮ ರೂಮಿನಲ್ಲೇ. ಅವರಿಗೂ ಕುರ್ಚಿ ಇರಲಿಲ್ಲ.

ನವೆಂಬರ್ 9

ಹೆದರಿಕೆ ಆಗುತ್ತಿದೆ. ಇಲ್ಲಿ ಯಾರೂ ಓದುವುದಿಲ್ಲ, ಬರೆಯಬಹುದು. ಕಲಿಸುವುದು ಬಿಟ್ಟು ನನಗೆ ಏನೂ ಬರುವುದಿಲ್ಲ. ಚುಟ್ಟ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಸ್ಕೂಲಿನ ಗಂಟೆ ಕೇಳಿದರೆ ಕಾಲು ತಾವಾಗಿಯೇ ಏಳುತ್ತವೆ.

ಕ್ಷಮಾಪಣೆ ಬರೆಯಲು ಕೂತೆ. ಅರ್ಧ ಬರೆದಿದ್ದೆ. ಅಮ್ಮ ಓದಲಾರಳು, ಆದರೂ ಏನೆಂದು ಗೊತ್ತಾಯಿತು. ಬೈಯಲಿಲ್ಲ. ಎಲೆಯ ಬುಟ್ಟಿ ಬದಿಗಿಟ್ಟು ಕೂತಳು.

"ಅವರು ಬಂದಾಗ ನಾನು ಹದಿನಾರರವಳು. ಸ್ಟೀಮರು ಒಂದರ ಹಿಂದೊಂದು, ಫಿರಂಗಿ ಇಟ್ಕೊಂಡು ಮೇಲಕ್ಕೆ ಹೋದ್ವು. ಊರೆಲ್ಲ ದಂಡೆ ಮೇಲೆ ನಿಂತಿತ್ತು. ಮೇಲಿನೂರಿನವರು ತಡೀತಾರೆ ಅಂದ್ಕೊಂಡ್ವಿ. ಮೇಲಿನೂರಿನವರು ಕೋಟೆಯವರು ತಡೀತಾರೆ ಅಂದ್ಕೊಂಡ್ರಂತೆ. ಕೋಟೆಯವರು ಏನಂದ್ಕೊಂಡ್ರೋ." ಮಡಿಲಿನ ಎಲೆ ಪುಡಿ ಕೊಡವಿ ಅಂದಳು, "ಅವರು ಯಾಕೆ ಬಂದ್ರು ಅಂತ ಮಕ್ಕಳಿಗೆ ಕಲಿಸ್ತೀಯ. ನಾವು ಯಾಕೆ ಬಿಟ್ವಿ ಅಂತ ಒಬ್ಬರೂ ಕೇಳಲ್ಲ. ನಾನು ಅವತ್ತು ಕಡಲೆ ತಿಂತಾ ನಿಂತಿದ್ದೆ ಮಗಳೇ."

ಅರ್ಧ ಬರೆದ ಕಾಗದ ಅವಳೇ ತೆಗೆದುಕೊಂಡು ಒಲೆ ಹೊತ್ತಿಸಿದಳು. ನಾನು ತಡೆಯಲಿಲ್ಲ.

ನವೆಂಬರ್ 12

ಮಿ ನ್ಯುನ್ ಮತ್ತು ಇನ್ನೂ ಕೆಲವರು ಸ್ಕೂಲು ಬಿಟ್ಟ ಮೇಲೆ ಬಂದು ನಮ್ಮ ಮನೆಯ ಅಡಿಯಲ್ಲಿ, ಕಂಬಗಳ ಮಧ್ಯೆ ಕೂತರು. ಏನು ಅಂದರೆ ಪಾಠ ಅಂದರು. ಯಾವ ಪಾಠ ಅಂದರೆ, ನಿಂತಲ್ಲಿಂದ. ಎಲೆಯ ಮೂಟೆಗಳನ್ನು ಅಮ್ಮ ಬೈದುಕೊಂಡೇ ಬದಿಗೆ ಸರಿಸಿಕೊಟ್ಟಳು.

ಸಂಜೆ ಪಗೋಡಕ್ಕೆ ಹೋಗಿದ್ದೆ. ಬೋರ್ಡು ಮುಂದಕ್ಕೆ ತಿರುಗಿದೆ. ಮಾವ ಏಣಿಯ ಮೇಲೆ ನಿಂತು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ತಾನೇ ಸುತ್ತಿಗೆ ಹೊಡೆಯುತ್ತಿದ್ದ. ಗಾಳಿ ಜೋರಾಗಿದೆ ಅಂದೆ. ಮೊಳೆ ಬಾಯಲ್ಲಿದ್ದರಿಂದ ಉತ್ತರ ಬರಲಿಲ್ಲ, ಆದರೆ ಮೀಸೆ ನಕ್ಕಿತು. ವಿಚಾರಣೆಗೆ ಅವನನ್ನೂ ಕರೆಸಿದ್ದರಂತೆ. ನೀವು ಒಪ್ಪಿಗೆ ಕೊಟ್ಟಿದ್ದಿರೇ ಅಂತ ಕೇಳಿದಾಗ ಹೌದು ಅಂದುಬಿಟ್ಟನಂತೆ. ಇಲ್ಲ ಅನ್ನಲು ಮುಜುಗರವಾಯಿತು ಅಂದ. ಮಾವನ ರೋಗ ಮೊದಲ ಸಲ ಊರಿಗೆ ಒಳ್ಳೆಯದು ಮಾಡಿದೆ.

ಇನ್ನು ಹೆಡ್‌ಮಾಸ್ಟರು ಒಬ್ಬರೇ. ನಾನೊಬ್ಬಳೇ ಮಾಡಿದ್ದು ಅಂತ ಅವರು ಸಹಿ ಹಾಕಿದರೆ ಮಾವನ ಮಾತು ಬಿದ್ದುಹೋಗುತ್ತದೆ.

ನವೆಂಬರ್ 15, ಸಂಜೆ

ಬರೆದಾಯಿತು. ಸಾಲು ಒಂದೇ. ಕಲ್ಲು ತೊಳೆದಿದ್ದೆವು. ಕೆಳಗೆ ಹೆಸರು, ದಿನಾಂಕ. ಕ್ಷಮಿಸಿ ಇಲ್ಲ, ದಯವಿಟ್ಟು ಇಲ್ಲ. ಸರ್ಟಿಫಿಕೇಟು ಗೋಡೆಯಿಂದ ಇಳಿಸಿಟ್ಟಿದ್ದೇನೆ, ಕೇಳಿದರೆ ಕೊಡುತ್ತೇನೆ. ಗೋಡೆಯ ಮೇಲೆ ಅದರ ಗುರುತು ಬೆಳ್ಳಗೆ ಉಳಿದಿದೆ. ಅಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ ಒಲೆಯ ಕಡೆ ಹೋದಳು. ಬೇಜಾರಾಗುತ್ತಿದೆ. ಪಶ್ಚಾತ್ತಾಪ ಇಲ್ಲ.

ಕೆಳಗೆ ಮಕ್ಕಳು ಓದುತ್ತಿವೆ. ಇವತ್ತಿನ ಪಾಠಕ್ಕೆ ಪುಸ್ತಕ ಇಲ್ಲ. ನಾವು ಯಾಕೆ ಬಿಟ್ಟೆವು — ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂದಿದ್ದೆ. ಯಾರ ಮನೆಯಲ್ಲೂ ನೆಟ್ಟಗೆ ಉತ್ತರ ಸಿಕ್ಕಿಲ್ಲವಂತೆ. ಮಿ ನ್ಯುನ್‌ನ ಅಜ್ಜ ಅತ್ತುಬಿಟ್ಟರಂತೆ.

ಬೀದಿಯಲ್ಲಿ ಬೂಟಿನ ಕಿರಕಿರ. ಕಾಗದಕ್ಕೆ ಹೆಡ್‌ಮಾಸ್ಟರೇ ಬಂದರು. ಮಕ್ಕಳ ಓದು ನಿಂತಿತು. ಸಯಾಮ, ಬರೆದದ್ದು ಕೆಳಕ್ಕೆ ಕೊಡಿ ಅಂತ ಕೂಗುತ್ತಾರೆ ಅಂತ ಕಾಯುತ್ತಿದ್ದೇನೆ. ಕೂಗುತ್ತಿಲ್ಲ.

ಕೆಳಗಿನ ಮೆಟ್ಟಿಲು ಕಿರ್ ಅಂದಿತು. ಕೂತರೇನೋ. ಮಿ ನ್ಯುನ್ ಏನೋ ಕೇಳಿದಳು. ಇರಮ್ಮ, ಗಂಟು ಬಿದ್ದಿದೆ ಅಂದರು.

ಲೇಸು ಬಿಚ್ಚುತ್ತಿದ್ದಾರೆ.